ಗಾಂಜಾ ಜೊತೆ ತಂಬಾಕು: ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೆಂಟರಿಂದ ಮೂವತ್ತರೊಳಗಿನವರು ಕೇಳುವ ಪ್ರಶ್ನೆಗಳು ಇವು. ಕೆಲವನ್ನು ಅವರ ಅಪ್ಪ ಅಮ್ಮಂದಿರು ಕೇಳುತ್ತಾರೆ. ಬೈಯೋಕೆ ಅಂತ ಬರೆದದ್ದಲ್ಲ, ಹೆದರಿಸೋಕೂ ಅಲ್ಲ. ಹಾಗಂತ ಏನೂ ಆಗಲ್ಲ ಅಂತ ಬೆನ್ನು ತಟ್ಟುವ ಉದ್ದೇಶವೂ ಇಲ್ಲ.

ನಾನು ಸಿಗರೇಟ್ ಸೇದಲ್ಲ. ಜಾಯಿಂಟ್ ಮಾತ್ರ. ನನ್ನನ್ನೂ ತಂಬಾಕಿನ ಲೆಕ್ಕಕ್ಕೆ ಸೇರಿಸ್ತೀರಾ?

ನಿಮ್ಮ ಜಾಯಿಂಟ್‌ನಲ್ಲಿ, ಅಂದರೆ ಕಾಗದದಲ್ಲಿ ಸುತ್ತಿ ಸೇದುವ ಗಾಂಜಾದಲ್ಲಿ, ತಂಬಾಕು ಇದ್ದರೆ, ಹೌದು.

ಹಾಸ್ಟೆಲ್ ರೂಮಿನಲ್ಲೋ ಪಿಜಿಯ ಟೆರೇಸ್ ಮೇಲೋ ನಡೆಯುವುದನ್ನು ಒಮ್ಮೆ ಗಮನಿಸಿ. ಒಬ್ಬ ಅಂಗೈ ಮೇಲೆ ಗಾಂಜಾ ಸೊಪ್ಪು ಪುಡಿ ಮಾಡುತ್ತಾ ಬೀಜ, ಕಡ್ಡಿ ಆರಿಸಿ ತೆಗೆಯುತ್ತಾನೆ. ಇನ್ನೊಬ್ಬ ಸಿಗರೇಟನ್ನು ಎರಡು ಬೆರಳಲ್ಲಿ ಉರುಳಿಸಿ ಉರುಳಿಸಿ ಒಳಗಿನ ತಂಬಾಕನ್ನು ಮೊಬೈಲ್ ಕವರ್ ಮೇಲೆ ಉದುರಿಸುತ್ತಾನೆ. ಎರಡೂ ಸೇರುತ್ತವೆ. ಆಮೇಲೆ "ನಾನು ತಂಬಾಕು ಮುಟ್ಟಲ್ಲ" ಅನ್ನುವವನೂ ಅದೇ ಸರದಿಯಲ್ಲಿ ಕೂತು ಮೂರು ದಮ್ ಎಳೆಯುತ್ತಾನೆ. ಅವನ ಶ್ವಾಸಕೋಶಕ್ಕೆ ಈ ಮಾತು ಗೊತ್ತಿಲ್ಲವಲ್ಲ.

ಒಂದು ಸಿಗರೇಟಿನಲ್ಲಿ ಮುಕ್ಕಾಲು ಗ್ರಾಂಗಿಂತ ಸ್ವಲ್ಪ ಕಡಿಮೆ ತಂಬಾಕು ಇರುತ್ತದೆ. ಅದರಲ್ಲಿ ಸುಮಾರು 10 ಮಿಲಿಗ್ರಾಂ ನಿಕೋಟಿನ್, ಅಂದರೆ ತಂಬಾಕಿನ ಚಟ ಹಿಡಿಸುವ ಅಂಶ. ಅಷ್ಟೂ ಮೈಗೆ ಸೇರುವುದಿಲ್ಲ, ಸೇದಿದವರಿಗೆ ದಕ್ಕುವುದು 1ರಿಂದ 1.5 ಮಿಲಿಗ್ರಾಂ. ಕೇಳೋಕೆ ಚಿಲ್ಲರೆ ಅನ್ನಿಸುತ್ತದೆ. ಆದರೆ ಜಗತ್ತಿನ ಸಿಗರೇಟ್ ವ್ಯಾಪಾರವೆಲ್ಲ ನಿಂತಿರುವುದು ಇಷ್ಟರ ಮೇಲೆ. ಅರ್ಧ ಸಿಗರೇಟಿನ ತಂಬಾಕು ಹಾಕಿದ ಜಾಯಿಂಟ್‌ ದಿನಾ ಸೇದುತ್ತಿದ್ದರೆ, ನಿಮ್ಮ ಮೆದುಳಿಗೆ ದಿನಾ ನಿಕೋಟಿನ್ ಸಿಗುತ್ತಿದೆ ಅಂತಲೇ ಅರ್ಥ.

ತಂಬಾಕು ಯಾಕೆ ಬೆರೆಸ್ತಾರೆ? ಸುಮ್ನೆ ರೂಢಿನಾ?

ರೂಢಿಯೂ ಹೌದು, ಲೆಕ್ಕಾಚಾರವೂ ಹೌದು. ಗಾಂಜಾ ದುಬಾರಿ, ಸಿಗುವುದೂ ಕಷ್ಟ. ಸಿಗರೇಟ್ ಮೂಲೆಯ ಅಂಗಡಿಯಲ್ಲೇ ಸಿಗುತ್ತದೆ. ಇದ್ದಷ್ಟು ಮಾಲು ನಾಲ್ಕು ಜನಕ್ಕೆ ಸಾಕಾಗಬೇಕಲ್ಲ? ಇಲ್ಲಿ ಸಿಗುವ ಸೊಪ್ಪು ಬೀಜ, ಕಡ್ಡಿ, ತೇವ ಎಲ್ಲ ಸೇರಿ ಬರುವುದರಿಂದ ಒಂದೇ ಸಮ ಉರಿಯುವುದಿಲ್ಲ. ತಂಬಾಕು ಬೆರೆಸಿದರೆ ಚೆನ್ನಾಗಿ ಉರಿಯುತ್ತದೆ ಅನ್ನುತ್ತಾರೆ. ಚರಸ್, ಅಂದರೆ ಗಾಂಜಾ ಗಿಡದ ಅಂಟು, ಆದರೆ ಅಂಟಂಟು, ಬರೀ ಅದನ್ನೇ ಸುತ್ತಲು ಆಗುವುದೇ ಇಲ್ಲ.

ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಂಬಾಕು ಬೆರೆತಾಗ ಮೊದಲ ದಮ್ಮಿಗೇ ತಲೆ ಜುಮ್ಮೆನ್ನುವ ಕಿಕ್ ಬರುತ್ತದೆ. ಅದು ನಿಕೋಟಿನ್‌ದು. ಸೇದುವವರು ಅದನ್ನೂ ಗಾಂಜಾದ ಖಾತೆಗೇ ಹಾಕಿಬಿಡುತ್ತಾರೆ. ಗಾಂಜಾ ತರುವ ಮಂಪರನ್ನು ನಿಕೋಟಿನ್ ಒಂದಿಷ್ಟು ತಡೆಯುತ್ತದೆ ಅಂತಲೂ ಹಲವರು ಹೇಳುತ್ತಾರೆ. ಹೀಗೆ ಎರಡು ಬೇರೆ ಬೇರೆ ಚಟ ಒಂದೇ ಕಾಗದದೊಳಗೆ ಸುತ್ತಿಕೊಂಡು ಬರುತ್ತವೆ. ನನಗೆ ಕೇಳಿದರೆ, ಈ ಇಡೀ ವಿಷಯದಲ್ಲಿ ಜನ ಗಮನಿಸದೇ ಬಿಡುವುದು ಇದನ್ನೇ.

ಬೇರೆ ದೇಶಗಳಲ್ಲೂ ಹೀಗೇನಾ?

ಯೂರೋಪಿನಲ್ಲಿ ಬಹುಪಾಲು ಜನ ನಮ್ಮ ಹಾಗೇ ತಂಬಾಕು ಬೆರೆಸಿಯೇ ಸೇದುತ್ತಾರೆ. ಅಮೆರಿಕದಲ್ಲಿ ಬರೀ ಗಾಂಜಾ ಸುತ್ತುವವರು ಜಾಸ್ತಿ. ಅಲ್ಲಿ ತಂಬಾಕು ಬರುವುದು ಬ್ಲಂಟ್ ಮೂಲಕ. ಸಿಗಾರ್‌ನ ಒಳಗಿನದನ್ನು ತೆಗೆದು ಗಾಂಜಾ ತುಂಬುತ್ತಾರೆ. ಹೊರಗಿನ ಎಲೆಯೇ ತಂಬಾಕಾದ್ದರಿಂದ ನಿಕೋಟಿನ್ ಅಲ್ಲೂ ತಪ್ಪುವುದಿಲ್ಲ. ಇಲ್ಲಿಂದ ಓದಲು ಅಲ್ಲಿಗೆ ಹೋದ ಹುಡುಗರು ಒಮ್ಮೊಮ್ಮೆ ಕಷ್ಟಕ್ಕೆ ಸಿಕ್ಕಿಕೊಳ್ಳುವುದು ಇದರಿಂದಲೇ. ಇಲ್ಲಿನ ಅಳತೆಯಲ್ಲಿ ಬರೀ ಗಾಂಜಾ ಸೇದಿದರೆ ತಡೆಯಲಾರದಷ್ಟು ಏರುತ್ತದೆ. ಅಲ್ಲಿನ ಮಾಲಿನಲ್ಲಿ ಟಿಎಚ್‌ಸಿ, ಅಂದರೆ ನಶೆ ಏರಿಸುವ ಅಂಶ, ಜಾಸ್ತಿ.

ನಮ್ಮಲ್ಲಿ ಎಷ್ಟು ಜನ ಹೀಗೆ ಸೇದುತ್ತಾರೆ?

ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರ ಪ್ರಕಾರ 10ರಿಂದ 75 ವರ್ಷದವರಲ್ಲಿ ಶೇ. 2.8ರಷ್ಟು ಜನ, ಅಂದರೆ ಸುಮಾರು 3.1 ಕೋಟಿ ಜನ, ಒಂದು ವರ್ಷದೊಳಗೆ ಭಂಗಿ (ಅದೇ ಗಿಡದ ಎಲೆ ಅರೆದದ್ದು), ಗಾಂಜಾ ಅಥವಾ ಚರಸ್ ಬಳಸಿದ್ದರು. ಇದರಲ್ಲಿ ಭಂಗಿಯವರೇ ಜಾಸ್ತಿ. ಗಾಂಜಾ, ಚರಸ್ ಬಳಸಿದವರು ಸುಮಾರು 1.3 ಕೋಟಿ. ತಂಬಾಕಿನದು ಬೇರೆಯೇ ಸಮೀಕ್ಷೆ: 2016-17ರಲ್ಲಿ ದೇಶದ ವಯಸ್ಕರಲ್ಲಿ ಶೇ. 28.6, ಕರ್ನಾಟಕದಲ್ಲಿ ಶೇ. 22.8.

ಎರಡನ್ನೂ ಬೇರೆ ಬೇರೆ ಕೇಳಿದಾಗ ಒಂದು ತೊಂದರೆ ಇದೆ. "ತಂಬಾಕು ಬಳಸ್ತೀರಾ?" ಅಂದರೆ ಜಾಯಿಂಟ್ ಮಾತ್ರ ಸೇದುವವರು "ಇಲ್ಲ" ಅನ್ನುತ್ತಾರೆ. ಸುಳ್ಳು ಹೇಳುವ ಉದ್ದೇಶದಿಂದಲ್ಲ. ಅವರಿಗೆ ನಿಜಕ್ಕೂ ಹಾಗೇ ಅನ್ನಿಸಿರುತ್ತದೆ. ಡಾಕ್ಟರ ಮುಂದೆ ಕೂತಾಗಲೂ ಇದೇ ಉತ್ತರ ಬರುತ್ತದೆ.

ಸಿಗರೇಟಿನಿಂದ ಗಾಂಜಾಕ್ಕೆ ಹೋಗ್ತಾರಾ, ಗಾಂಜಾದಿಂದ ಸಿಗರೇಟಿಗಾ?

ಎರಡೂ ಆಗುತ್ತದೆ. ಮೊದಲಿಂದಲೂ ಕೇಳುತ್ತಾ ಬಂದದ್ದು ಸಿಗರೇಟೇ ಮೊದಲ ಮೆಟ್ಟಿಲು ಅಂತ. ಆದರೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಶಾಲಾ ಮಕ್ಕಳನ್ನು ಯೌವನದವರೆಗೆ ಹಿಂಬಾಲಿಸಿ ಮಾಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಅಲ್ಲಿ ಕಂಡದ್ದು ಉಲ್ಟಾ ದಾರಿ. ಆವರೆಗೆ ಸಿಗರೇಟ್ ಸೇದದೆ ಪದೇ ಪದೇ ಗಾಂಜಾ ಸೇದುತ್ತಿದ್ದವರು ಆಮೇಲೆ ಸಿಗರೇಟಿಗೆ ಬೀಳುವುದು ಜಾಸ್ತಿ ಇತ್ತು.

ಯಾಕೆ ಅಂತ ಊಹಿಸುವುದು ಕಷ್ಟವಲ್ಲ. ಶನಿವಾರ ರಾತ್ರಿ ಜಾಯಿಂಟ್ ಸಿಗುತ್ತದೆ. ಸೋಮವಾರ ಬೆಳಗ್ಗೆ ಕ್ಲಾಸ್ ಮಧ್ಯೆ ಸಿಗುವುದಿಲ್ಲ. ಏನೋ ಬೇಕು ಅನ್ನಿಸುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಟೀ ಅಂಗಡಿಯಲ್ಲಿ ಗೆಳೆಯ ಕೊಟ್ಟ ಸಿಗರೇಟ್ ಎರಡು ದಮ್ ಎಳೆದ ಕೂಡಲೇ ಸಮಾಧಾನ ಆಗುತ್ತದೆ. ಒಂದೇ ಒಂದು ಪೂರ್ತಿ ಸಿಗರೇಟ್ ಸೇದದವನಿಗೂ ಅದು ಹಳೇ ಪರಿಚಯದ ಹಾಗೆ ಅನ್ನಿಸುತ್ತದೆ.

ಗಾಂಜಾ ಚಟ ಆಗಲ್ಲ ಅಂತಾರೆ. ನಿಜಾನಾ?

ಸುಳ್ಳು. ಎಲ್ಲರಿಗೂ ಆಗುವುದಿಲ್ಲ ಅನ್ನುವುದು ನಿಜ. ದಿನಾ ಸೇದುವವರಿಗೆ, ಹದಿಹರೆಯದಲ್ಲೇ ಶುರು ಮಾಡಿದವರಿಗೆ ಸಾಧ್ಯತೆ ಜಾಸ್ತಿ. ನಿಕೋಟಿನ್ ಜೊತೆಗಿದ್ದರೆ ಬಿಡುವುದು ಇನ್ನೂ ಕಷ್ಟ. ಸೇದಿದ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮೆದುಳು ಮುಟ್ಟುತ್ತದೆ. ಸುಮಾರು ಎರಡು ಗಂಟೆಗೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿದಿರುತ್ತದೆ. ಟಿಎಚ್‌ಸಿ ಹಾಗಲ್ಲ, ಕೊಬ್ಬಿನಲ್ಲಿ ಕೂತು ನಿಧಾನಕ್ಕೆ ಹೊರಹೋಗುತ್ತದೆ. ಹಾಗಾಗಿ "ಸಂಜೆ ಒಂದು ಜಾಯಿಂಟ್ ಬೇಕೇ ಬೇಕು" ಅನ್ನುವ ಚಡಪಡಿಕೆಯಲ್ಲಿ ಎಷ್ಟು ಪಾಲು ಗಾಂಜಾದ್ದು, ಎಷ್ಟು ನಿಕೋಟಿನ್‌ದು ಅನ್ನುವುದು ಸೇದುವವರಿಗೇ ತಿಳಿಯುವುದಿಲ್ಲ.

ಬರೀ ಸಿಗರೇಟಿಗಿಂತ ಜಾಯಿಂಟ್ ಶ್ವಾಸಕೋಶಕ್ಕೆ ವಾಸಿ ಅಲ್ವಾ?

ಹೊಗೆ ಅಂದರೆ ಹೊಗೆ. ಯಾವ ಎಲೆ ಸುಟ್ಟರೂ ಟಾರ್, ಕಾರ್ಬನ್ ಮಾನಾಕ್ಸೈಡ್ ಬರುತ್ತವೆ. ವ್ಯತ್ಯಾಸ ಇರುವುದು ಎಳೆಯುವ ರೀತಿಯಲ್ಲಿ. ಸಿಗರೇಟನ್ನು ಎಳೆದು ಬಿಡುತ್ತಾರೆ. ಜಾಯಿಂಟ್ ಹೊಗೆಯನ್ನು ಎದೆ ತುಂಬ ಎಳೆದು, ಉಸಿರು ಹಿಡಿದು, ಕಣ್ಣು ಕೆಂಪಾಗುವ ತನಕ ಕೂರುತ್ತಾರೆ. ಅಮೆರಿಕದಲ್ಲಿ 1988ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದನ್ನು ಅಳೆದು ನೋಡಿದರು. ಸಿಗರೇಟಿಗೆ ಹೋಲಿಸಿದರೆ ಗಾಂಜಾ ಸೇದಿದಾಗ ಒಳಗೆ ಹೋದ ಟಾರ್ ಸುಮಾರು ಮೂರು ಪಟ್ಟು ಇತ್ತು. ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಏರಿಕೆ ಸುಮಾರು ಐದು ಪಟ್ಟು. ಈಗ ಅದೇ ಆಳದ ದಮ್ಮಿನಲ್ಲಿ ತಂಬಾಕಿನ ಹೊಗೆಯೂ ಹೋಗುತ್ತಿದೆ ಅಂದುಕೊಳ್ಳಿ.

ಉಸಿರು ಹಿಡಿದರೆ ನಶೆ ಜಾಸ್ತಿ ಅನ್ನುವುದೂ ಭ್ರಮೆಯೇ. ಟಿಎಚ್‌ಸಿಯ ಬಹುಪಾಲು ಮೊದಲ ಕೆಲವು ಸೆಕೆಂಡಿನಲ್ಲೇ ರಕ್ತಕ್ಕೆ ಸೇರಿಬಿಡುತ್ತದೆ. ಆಮೇಲೆ ಹಿಡಿದಿಡುವುದು ಹೊಗೆಯನ್ನಷ್ಟೇ.

ಬಾಯಿಗಿಡುವ ಕಡೆ ಸುತ್ತುವ ರಟ್ಟು ಫಿಲ್ಟರ್ ಅಲ್ಲ. ಅದು ತುಟಿ ಸುಡದ ಹಾಗೆ ಕಾಯುತ್ತದೆ, ಅಷ್ಟೇ.

ಬೆಳಗ್ಗೆ ಕೆಮ್ಮು, ಕಫ, ಮೆಟ್ಟಿಲು ಹತ್ತಿದರೆ ಏದುಸಿರು ಇಪ್ಪತ್ತೈದರಲ್ಲೇ ಶುರುವಾಗಿದ್ದರೆ ಬೆಂಗಳೂರಿನ ಧೂಳನ್ನು ಮಾತ್ರ ಬೈಯಬೇಡಿ. ಗಾಂಜಾ, ನಿಕೋಟಿನ್ ಎರಡೂ ಎದೆಬಡಿತ ಏರಿಸುತ್ತವೆ. ಎದೆನೋವು ಬಂದರೆ ಪ್ಯಾನಿಕ್ ಇರಬೇಕು ಅಂತ ಮಲಗದೆ ಆಸ್ಪತ್ರೆಗೆ ಹೋಗಿ, ಏನು ಸೇದಿದ್ದೆ ಅಂತ ನೇರವಾಗಿ ಹೇಳಿ.

ಇದು ಗಿಡ ಅಲ್ವಾ? ಸಾಧುಗಳು ಚಿಲುಮೆ ಸೇದಲ್ವಾ? ಶಿವನ ಪ್ರಸಾದ ಅಂತಾರಲ್ಲ?

ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವಾಗಿ ಕೊಡುವ ರೂಢಿಯ ಬಗ್ಗೆ ಪತ್ರಿಕೆಗಳಲ್ಲಿ ಬಂದಿದೆ. ಉತ್ತರ ಭಾರತದಲ್ಲಿ ಶಿವರಾತ್ರಿಗೆ, ಹೋಳಿಗೆ ಭಂಗಿ ಅರೆದು ಕುಡಿಯುತ್ತಾರೆ. ಆ ನಂಬಿಕೆಯ ಜೊತೆ ನನಗೆ ಜಗಳವಿಲ್ಲ.

ಆದರೆ ತಂಬಾಕು ಶಿವನ ಕಾಲದ್ದಲ್ಲ. ಅದು ಅಮೆರಿಕ ಖಂಡದ ಗಿಡ. ಪೋರ್ಚುಗೀಸರು ಹಡಗಿನಲ್ಲಿ ತಂದು ನಮ್ಮಲ್ಲಿ ಹಬ್ಬಿದ್ದು ಸುಮಾರು ನಾಲ್ಕು ನೂರು ವರ್ಷದಿಂದೀಚೆಗೆ. ಇವತ್ತು ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಸಿಗರೇಟ್ ತಂಬಾಕು, ನಿಪ್ಪಾಣಿ ಕಡೆ ಬೀಡಿ ತಂಬಾಕು ಬೆಳೆದು ಅದು ನಮ್ಮದೇ ಬೆಳೆ ಅನ್ನಿಸಿಬಿಟ್ಟಿದೆ. ಕಾರ್ಖಾನೆಯ ಸಿಗರೇಟ್ ಒಡೆದು ಅದರ ತಂಬಾಕಿನ ಜೊತೆ ಗಾಂಜಾ ಸೇದುವುದನ್ನು ಪರಂಪರೆ ಅನ್ನುವುದು ಸ್ವಲ್ಪ ಜಾಸ್ತಿಯೇ ಆಯಿತು. ಇನ್ನು ಗಿಡ ಅನ್ನುವ ಮಾತು. ವಿಷದ ಉಮ್ಮತ್ತವೂ ಗಿಡವೇ.

ತಂಬಾಕು ಬೇಡ ಅಂತ ವೇಪ್‌ಗೆ ಬದಲಾಯಿಸಿದೆ. ಈಗ ಪರವಾಗಿಲ್ವಾ?

ವೇಪ್ ಅಂದರೆ ಇ-ಸಿಗರೇಟ್. ಅದರ ಮಾರಾಟ, ಆಮದು, ದಾಸ್ತಾನು ಎಲ್ಲ ನಮ್ಮ ದೇಶದಲ್ಲಿ 2019ರಿಂದ ನಿಷೇಧ. ಹಾಗಾಗಿ ಇಲ್ಲಿ ಸಿಗುವ ಪ್ರತಿಯೊಂದು ವೇಪ್ ಕಳ್ಳಮಾಲು. ಒಳಗೇನಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ. ಅದೇ 2019ರಲ್ಲಿ ಅಮೆರಿಕದಲ್ಲಿ ಸಾವಿರಾರು ಯುವಜನರು ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದರು. ಹೆಚ್ಚಿನವರು ಕಳ್ಳಸಂತೆಯ ಟಿಎಚ್‌ಸಿ ವೇಪ್ ಎಳೆದವರು. ಅದಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ವಸ್ತುವೇ ಮುಖ್ಯ ಕಾರಣ ಅಂತ ಆಮೇಲೆ ಗೊತ್ತಾಯಿತು.

ತಲೆ ಕೆಡುತ್ತೆ ಅಂತ ಅಮ್ಮ ಹೆದರಿಸ್ತಾರೆ.

ಅಮ್ಮನ ಭಯ ಪೂರ್ತಿ ಸುಳ್ಳಲ್ಲ. ಸ್ವೀಡನ್‌ನಲ್ಲಿ ಸೈನ್ಯಕ್ಕೆ ಸೇರಿದ ಯುವಕರನ್ನು 15 ವರ್ಷ ಗಮನಿಸಿ 1987ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೇರುವ ಹೊತ್ತಿಗೆ 50ಕ್ಕಿಂತ ಹೆಚ್ಚು ಸಲ ಗಾಂಜಾ ಬಳಸಿದ್ದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಕಾಣಿಸಿಕೊಳ್ಳುವ ಅಪಾಯ ಬಳಸದವರಿಗಿಂತ ಆರು ಪಟ್ಟು ಇತ್ತು. ಆರು ಪಟ್ಟು ಅಂದಮಾತ್ರಕ್ಕೆ ಎಲ್ಲರಿಗೂ ಬರುತ್ತದೆ ಅಂತಲ್ಲ. ಆ ಕಾಯಿಲೆಯೇ ಅಪರೂಪ, ಬಳಸಿದವರಲ್ಲೂ ಬಹುತೇಕರಿಗೆ ಬರಲಿಲ್ಲ. ಆದರೆ ಮನೆಯಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇದ್ದರೆ, ಅಥವಾ ಸೇದಿದಾಗ ಯಾರೋ ನನ್ನ ಬಗ್ಗೆಯೇ ಮಾತಾಡ್ತಿದ್ದಾರೆ, ಹಿಂಬಾಲಿಸ್ತಿದ್ದಾರೆ ಅಂತ ಅನ್ನಿಸಲು ಶುರುವಾಗಿದ್ದರೆ, ನಿಮ್ಮ ಮಟ್ಟಿಗೆ ಗಾಂಜಾ ಮುಗಿಯಿತು. ಇದರಲ್ಲಿ ಚೌಕಾಸಿ ಬೇಡ.

ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ತಿದೀನಿ. ಡಾಕ್ಟರಿಗೆ ಸೇದೋದನ್ನ ಹೇಳಬೇಕಾ?

ಹೇಳಲೇಬೇಕು. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಲಿವರ್‌ನ ಒಂದು ಕಿಣ್ವವನ್ನು ಚುರುಕು ಮಾಡುತ್ತವೆ. ಒಲಾಂಜಪೈನ್, ಕ್ಲೋಜಪೈನ್ ಥರದ ಮಾತ್ರೆಗಳನ್ನು ಒಡೆಯುವುದು ಅದೇ ಕಿಣ್ವ. ಹಾಗಾಗಿ ಸೇದುವವರ ರಕ್ತದಲ್ಲಿ ಔಷಧಿ ಕಡಿಮೆ ನಿಲ್ಲುತ್ತದೆ. ಇದ್ದಕ್ಕಿದ್ದಂತೆ ಬಿಟ್ಟರೆ ಅದೇ ಡೋಸ್ ಜಾಸ್ತಿಯಾಗಿ ಮಂಪರು, ತಲೆಸುತ್ತು ಬರಬಹುದು. ಬಿಡುವ ಮೊದಲೇ ಡಾಕ್ಟರಿಗೆ ಹೇಳಿದರೆ ಅವರು ಡೋಸ್ ಸರಿ ಮಾಡುತ್ತಾರೆ.

ಕಾಫಿಗೂ ಇದೇ ಕಿಣ್ವ. ಸೇದುವುದನ್ನು ಬಿಟ್ಟ ಮೇಲೆ ಅದೇ ಎರಡು ಲೋಟ ಫಿಲ್ಟರ್ ಕಾಫಿ ಮೊದಲಿಗಿಂತ ಜಾಸ್ತಿ ಹೊತ್ತು ಮೈಯಲ್ಲಿ ಉಳಿಯುತ್ತದೆ. ಬಿಟ್ಟಿದ್ದಕ್ಕೆ ನಿದ್ದೆ ಬರ್ತಿಲ್ಲ ಅಂತ ಒದ್ದಾಡುವ ಎಷ್ಟೋ ಜನ ಮಧ್ಯಾಹ್ನದ ಮೇಲೆ ಕಾಫಿ ನಿಲ್ಲಿಸಿ ನೋಡಿರುವುದೇ ಇಲ್ಲ.

ಗಾಂಜಾ ಬಿಟ್ಟೆ. ಆದರೆ ಈಗ ದಿನಕ್ಕೆ ಎಂಟು ಸಿಗರೇಟ್ ಆಗಿದೆ. ಯಾಕೆ?

ಕೈಗೆ, ಬಾಯಿಗೆ, ಮೆದುಳಿಗೆ ಬೇಕಿದ್ದ ನಿಕೋಟಿನ್ ಹಾಗೇ ಉಳಿದಿದೆ, ಅದಕ್ಕೇ. ಉಲ್ಟಾ ಕೂಡ ಆಗುತ್ತದೆ. ಸಿಗರೇಟ್ ಬಿಟ್ಟು ಮೂರು ವಾರ ಚೆನ್ನಾಗಿದ್ದವರು ಗೋಕರ್ಣಕ್ಕೋ ಮಡಿಕೇರಿಗೋ ಟ್ರಿಪ್ ಹೋದಾಗ ಒಂದು ಜಾಯಿಂಟ್ ಹಂಚಿಕೊಳ್ಳುತ್ತಾರೆ. ವಾಪಸ್ ಬರುವ ದಾರಿಯಲ್ಲಿ ಪ್ಯಾಕ್ ಕೊಳ್ಳುತ್ತಾರೆ. ಮನಸ್ಸು ಗಟ್ಟಿ ಇಲ್ಲ ಅಂತ ಬೈದುಕೊಳ್ಳುತ್ತಾರೆ. ಗಟ್ಟಿತನದ ಪ್ರಶ್ನೆ ಅಲ್ಲ. ಜಾಯಿಂಟ್‌ನಲ್ಲಿದ್ದ ತಂಬಾಕನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಹಾಗಾದರೆ ಎರಡನ್ನೂ ಒಟ್ಟಿಗೆ ಬಿಡಬೇಕಾ? ಹೇಗೆ?

ಬೆರೆಸಿ ಸೇದುವವರಿಗೆ ಒಟ್ಟಿಗೆ ಬಿಡುವುದೇ ಮೇಲು ಅಂತ ನನ್ನ ಅಭಿಪ್ರಾಯ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟರೆ, ಉಳಿದದ್ದೇ ಬಿಟ್ಟದ್ದನ್ನು ನೆನಪಿಸುತ್ತಾ ಇರುತ್ತದೆ. ಆಗುವುದೇ ಇಲ್ಲ ಅನ್ನುವವರು ಒಂದೊಂದಾಗಿ ಬಿಡಲಿ, ತಪ್ಪಿಲ್ಲ. ಆದರೆ ಎರಡನೆಯದರ ತಾರೀಖು ಮೊದಲೇ ಗೊತ್ತು ಮಾಡಿಕೊಂಡಿರಬೇಕು.

ಮೊದಲು ಒಂದು ವಾರ ಬರೆದಿಡಿ. ಎಷ್ಟು ಹೊತ್ತಿಗೆ ಸೇದಿದೆ, ಯಾರ ಜೊತೆ, ಬರೀ ಸಿಗರೇಟಾ, ಬೆರೆಸಿದ್ದಾ. ಮೊಬೈಲ್ ನೋಟ್ಸ್ ಸಾಕು. ಎದ್ದ ಅರ್ಧ ಗಂಟೆಯೊಳಗೆ ಸೇದುತ್ತಿದ್ದರೆ ನಿಕೋಟಿನ್ ಹಿಡಿತ ಬಿಗಿ ಇದೆ ಅಂತ ತಿಳಿಯಿರಿ.

ನಿಕೋಟಿನ್‌ಗೆ ಔಷಧಿ ಇದೆ. 2 ಮಿಲಿಗ್ರಾಂ ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಅದನ್ನು ಬಬಲ್ ಗಮ್ ಥರ ಜಗಿಯಬಾರದು. ನಾಲಿಗೆಗೆ ಚುರುಕ್ ಅನ್ನಿಸುವವರೆಗೆ ಜಗಿದು, ಕೆನ್ನೆಯ ಒಳಗೆ ಒತ್ತಿಡಬೇಕು. ಚುರುಕು ಹೋದ ಮೇಲೆ ಮತ್ತೆ ಜಗಿಯಬೇಕು. ಹಾಗೆ ಮಾಡದೆ ಒಂದೇ ಸಮ ಜಗಿದು ನುಂಗಿ, ಬಿಕ್ಕಳಿಕೆ ಬಂದು, "ನನಗೆ ಗಮ್ ಆಗಿಬರಲ್ಲ" ಅನ್ನುವವರು ಬೇಕಾದಷ್ಟು ಜನ. ಚರ್ಮಕ್ಕೆ ಅಂಟಿಸುವ ಪ್ಯಾಚ್ ಇದೆ. ವರೆನಿಕ್ಲಿನ್, ಬುಪ್ರೊಪಿಯಾನ್ ಮಾತ್ರೆಗಳಿವೆ, ಆದರೆ ಡಾಕ್ಟರ್ ಬರೆದುಕೊಟ್ಟರೆ ಮಾತ್ರ. ಜಾಯಿಂಟ್ ಮಾತ್ರ ಸೇದುವವರೂ "ನನಗೆ ಗಮ್ ಬೇಕಾಗಬಹುದಾ?" ಅಂತ ಕೇಳಬಹುದು. ಕೇಳಲೇಬೇಕು.

ಗಾಂಜಾ ಚಟಕ್ಕೆ ಅಂತಲೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ. ಅಲ್ಲಿ ಕೆಲಸ ಮಾಡುವುದು ಕೌನ್ಸೆಲಿಂಗ್: ಯಾವ ಹೊತ್ತು ಕಷ್ಟ, ಆ ಹೊತ್ತಿಗೆ ಏನು ಮಾಡಬೇಕು ಅಂತ ಕೂತು ಯೋಚಿಸುವುದು. ನಿದ್ದೆಗೆ ಬೇಕಾದರೆ ಡಾಕ್ಟರ್ ಸ್ವಲ್ಪ ದಿನ ಏನಾದರೂ ಕೊಡಬಹುದು. ಗೆಳೆಯನ ಹತ್ತಿರ ನಿದ್ದೆ ಮಾತ್ರೆ ಇಸ್ಕೊಂಡು ನುಂಗಬೇಡಿ.

ಬಿಟ್ಟ ಮೇಲೆ ಎಷ್ಟು ದಿನ ಕಷ್ಟ?

ನಿಕೋಟಿನ್‌ದು ಕೆಲವೇ ಗಂಟೆಯಲ್ಲಿ ಶುರು, ಎರಡು ಮೂರನೇ ದಿನ ಜೋರು, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಗಾಂಜಾದ್ದು ಒಂದೆರಡು ದಿನ ಬಿಟ್ಟು ಶುರು, ಮೊದಲ ವಾರ ಜೋರು, ಎರಡು ವಾರಕ್ಕೆ ಬಹುಮಟ್ಟಿಗೆ ತಗ್ಗುತ್ತದೆ. ಸಿಡುಕು, ಹಸಿವಿಲ್ಲದಿರುವುದು, ಬೆವರು, ನಿದ್ದೆಗೇಡು. ಮತ್ತೆ ಕನಸು. ವಿಪರೀತ ಕನಸು ಬೀಳುತ್ತವೆ, ಸಿನಿಮಾ ಥರ. ಕೆಲವರಿಗೆ ತಿಂಗಳಿನವರೆಗೂ. ಹೆದರಬೇಡಿ, ಅದು ಮಾಮೂಲು. ಪರೀಕ್ಷೆಯ ವಾರ ಬಿಡೋಕೆ ಹೊರಡಬೇಡಿ.

ಸಿಕ್ಕಿಬಿದ್ದರೆ ಏನಾಗುತ್ತೆ?

1985ರ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆ ಪ್ರಕಾರ ಗಾಂಜಾ ಸೇದುವುದೂ ಅಪರಾಧ, ಜೇಬಿನಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಸೇದಿದ್ದಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಂದು ಕೆಜಿವರೆಗೆ ಇಟ್ಟುಕೊಂಡಿದ್ದರೆ ಅದು ಸಣ್ಣ ಪ್ರಮಾಣ, ಒಂದು ವರ್ಷದವರೆಗೆ ಜೈಲು ಅಥವಾ ಅಷ್ಟೇ ದಂಡ, ಅಥವಾ ಎರಡೂ. ಚರಸ್ ಆದರೆ ಸಣ್ಣ ಪ್ರಮಾಣದ ಮಿತಿ 100 ಗ್ರಾಂ ಮಾತ್ರ. "ನಾಲ್ಕು ಜನಕ್ಕೆ ನಾನೇ ತಂದುಕೊಟ್ಟೆ" ಅನ್ನುವವರು ಎಚ್ಚರ, ಅದನ್ನು ಮಾರಾಟ, ಸಾಗಾಟ ಅಂತ ನೋಡುವ ಸಾಧ್ಯತೆ ಇದೆ.

ಅದೇ ಕಾಯ್ದೆಯ 64ಎ ಕಲಂ ಬಗ್ಗೆ ಯಾರೂ ಮಾತಾಡುವುದಿಲ್ಲ. ಸೇದಿದ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿರುವ ವ್ಯಸನಿ ತಾನಾಗಿ ಮಾನ್ಯತೆ ಇರುವ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಪೂರ್ತಿ ಮಾಡಿದರೆ ಆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹೋಗಬಹುದು. ವಕೀಲರಿಗೆ ಇದನ್ನು ನೆನಪು ಮಾಡಿ.

ತಂಬಾಕಿಗೆ ಕರ್ನಾಟಕದಲ್ಲಿ 2025ರಿಂದ ನಿಯಮ ಬಿಗಿಯಾಗಿದೆ. 21 ವರ್ಷದೊಳಗಿನವರಿಗೆ ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 1,000 ರೂಪಾಯಿವರೆಗೆ. ಹುಕ್ಕಾ ಬಾರ್ ಬಂದ್.

ಯಾರನ್ನ ಕೇಳೋದು? ಮನೆಗೆ ಗೊತ್ತಾಗಿಬಿಟ್ಟರೆ?

ಫೋನಿನಲ್ಲೇ ಶುರು ಮಾಡಬಹುದು. ತಂಬಾಕು ಬಿಡಲು 1800-11-2356. ಮನಸ್ಸಿನ ಯಾವುದೇ ತೊಂದರೆಗೆ ಟೆಲಿ ಮಾನಸ್ 14416. ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಅಂತಲೇ ವಿಭಾಗ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರೂ ಆಗುತ್ತದೆ.

2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ಯಾರದ್ದಾದರೂ ಜೀವಕ್ಕೆ ಅಪಾಯ ಇದ್ದಾಗಿನಂಥ ಕೆಲವು ಸಂದರ್ಭ ಬಿಟ್ಟರೆ, 18 ದಾಟಿದವರ ವಿಷಯವನ್ನು ಡಾಕ್ಟರ್ ಮನೆಯವರಿಗೆ ಹೇಳುವಂತಿಲ್ಲ. ಡಾಕ್ಟರ ಮುಂದೆ ಕೂತಾಗ "ಸಿಗರೇಟ್ ಇಲ್ಲ, ಆದರೆ ಜಾಯಿಂಟ್‌ನಲ್ಲಿ ತಂಬಾಕು ಹಾಕ್ತೀನಿ" ಅಂತ ಇಷ್ಟೇ ಹೇಳಿ. ಎಷ್ಟೋ ಕಡೆ ಅವರು ಅದನ್ನು ಕೇಳಿರುವುದೇ ಇಲ್ಲ.

ಮಗನ ಬ್ಯಾಗಿನಲ್ಲಿ ರೋಲಿಂಗ್ ಪೇಪರ್ ಸಿಕ್ಕಿತು. ಏನು ಮಾಡಲಿ?

ಅವತ್ತೇ ರಾತ್ರಿ ಜಗಳ ತೆಗೆಯಬೇಡಿ. ಸೇದಿ ಬಂದಿರುವಾಗಂತೂ ಮಾತು ಬೇಡವೇ ಬೇಡ. ಸಂಬಂಧಿಕರನ್ನು ಸೇರಿಸಿ ಪಂಚಾಯ್ತಿ ಮಾಡಬೇಡಿ. ಮಾರನೆ ದಿನ, ಇಬ್ಬರೇ ಇರುವಾಗ, "ಇದು ಸಿಕ್ತು. ಎಷ್ಟು ದಿನದಿಂದ? ಎಷ್ಟು?" ಅಂತ ಕೇಳಿ ಸುಮ್ಮನಿರಿ. ಮೊದಲ ಉತ್ತರ ಪೂರ್ತಿ ನಿಜ ಆಗಿರುವುದಿಲ್ಲ, ಆಗಲಿ. ಮನೆಯಿಂದ ಎಳೆದೊಯ್ದು ಕೂಡಿ ಹಾಕುವ ಕೇಂದ್ರಗಳ ಜಾಹೀರಾತು ನೋಡಿ ದುಡ್ಡು ಕಟ್ಟಬೇಡಿ. ಅಪ್ಪ ಸ್ವತಃ ಸಿಗರೇಟ್ ಸೇದುವವರಾದರೆ, ಆ ಮಾತುಕತೆ ಎಲ್ಲಿಂದ ಶುರುವಾಗಬೇಕು ಅಂತ ನಾನು ಹೇಳಬೇಕಿಲ್ಲ ಅಲ್ವಾ.

ಕೆಲಸಕ್ಕೆ ಸೇರೋ ಮುಂಚೆ ಯೂರಿನ್ ಟೆಸ್ಟ್ ಇದೆ. ಎಷ್ಟು ದಿನ ಇರುತ್ತೆ?

ಯಾವಾಗಲೋ ಒಮ್ಮೆ ಸೇದಿದವರಲ್ಲಿ ಸುಮಾರು ಮೂರು ದಿನ. ದಿನಾ ಸೇದುವವರಲ್ಲಿ ತಿಂಗಳವರೆಗೂ ಸಿಗಬಹುದು. ಮಜ್ಜಿಗೆ, ನಿಂಬೆಹಣ್ಣು, ಎಳನೀರು ಕುಡಿದರೆ ಬೇಗ ಹೋಗುತ್ತದೆ ಅನ್ನುವುದೆಲ್ಲ ಸುಳ್ಳು. ಕೆಲವು ವಿಮೆ ಕಂಪನಿಗಳು ಮೂತ್ರದಲ್ಲಿ ಕೊಟಿನಿನ್ ಕೂಡ ನೋಡುತ್ತವೆ. ಅದು ನಿಕೋಟಿನ್ ಒಡೆದು ಆಗುವ ವಸ್ತು. ಬರೀ ಜಾಯಿಂಟ್ ಸೇದಿ, ಫಾರ್ಮಿನಲ್ಲಿ "ತಂಬಾಕು ಬಳಸುವುದಿಲ್ಲ" ಅಂತ ಟಿಕ್ ಹಾಕಿದವರು ಸಿಕ್ಕಿಬೀಳುವುದು ಇಲ್ಲೇ.